ಬಿಲ್ಲಿಲ್ಲದ ಹತ್ತಿ ಬೀಜ ತಂದಿದ್ದೇನೆ, ಕಳೆನಾಶಕ ಹೊಡೆದರೂ ಸಾಯಲ್ಲವಂತೆ. ಬಿತ್ತಬಹುದಾ?

ಎರೆಹೊಲ_ಸವದತ್ತಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಸವದತ್ತಿ ತಾಲ್ಲೂಕು. ಆರು ಎಕರೆ ಎರೆ ಭೂಮಿ, ಅದರಲ್ಲಿ ಎರಡು ಎಕರೆಗೆ ಮಾತ್ರ ಬೋರಿನ ನೀರು. ಪ್ರತಿ ವರ್ಷ ಎರಡು ಎಕರೆ ಹತ್ತಿ ಇರಲೇಬೇಕು ನಮಗೆ. ಉಳಿದದ್ದಕ್ಕೆ ಹೆಸರು, ಅದು ಬಂದ ಮೇಲೆ ಬಿಳಿಜೋಳ, ಕಡಲೆ.

ವಿಷಯ ಏನಂದ್ರೆ, ನಮ್ಮ ಸೋದರಮಾವನ ಮಗ ಎಲ್ಲಿಂದಲೋ ಹೊಸ ಹತ್ತಿ ಬೀಜ ತರಿಸಿದ್ದಾನೆ. ಇದನ್ನು ಬಿತ್ತಿ, ಕಸ ಎದ್ದ ಮೇಲೆ ಹೊಲದ ತುಂಬ ಕಳೆನಾಶಕ ಹೊಡೆದರೆ ಕಸ ಎಲ್ಲ ಸುಟ್ಟು ಹೋಗುತ್ತದೆ, ಹತ್ತಿ ಮಾತ್ರ ಹಸಿರಾಗೇ ನಿಲ್ಲುತ್ತದೆ ಅಂತಾನೆ. ಮೊಬೈಲಲ್ಲಿ ವಿಡಿಯೋ ಕೂಡ ತೋರಿಸಿದ. ನಾನು ನಾಲ್ಕು ಪ್ಯಾಕೆಟ್ ತಗೊಂಡೆ, ಒಂದಕ್ಕೆ 1,300 ರೂಪಾಯಿ. ಮನೆಗೆ ತಂದು ನೋಡಿದರೆ ಬೆಳ್ಳಿ ಬಣ್ಣದ ಕವರು, ಮೇಲೆ ಅರಳಿದ ಹತ್ತಿ ಕಾಯಿಯ ಒಂದು ಚಿತ್ರ, ಅಷ್ಟೇ. ಕಂಪನಿ ವಿಳಾಸ ಇಲ್ಲ, ಲಾಟ್ ನಂಬರ್ ಇಲ್ಲ, ಮೊಳಕೆ ಎಷ್ಟು ಅಂತ ಬರೆದಿಲ್ಲ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಿದ್ದರೆ ಅಂಗಡಿಗೆ ಹೋಗಪ್ಪಾ" ಅಂದ.

ಆಸೆ ಯಾಕೆ ಬಿತ್ತು ಅಂತ ಹೇಳಿಬಿಡುತ್ತೇನೆ, ಬೈಯುವವರು ಓದಿಕೊಂಡು ಬೈಯಿರಿ. ಹೋದ ವರ್ಷ ಮಳೆ ಬಿಡಲೇ ಇಲ್ಲ, ಕುಂಟೆ ಹೊಡೆಯಲು ಹೊಲ ಹದಕ್ಕೆ ಬರಲಿಲ್ಲ, ಕಸ ಹತ್ತಿಗಿಂತ ಎತ್ತರ ಆಯಿತು. ಕಳೆ ತೆಗೆಯಲು ಹೆಣ್ಣಾಳು ಸಿಗಲ್ಲ. ಸಿಕ್ಕರೂ ದಿನಕ್ಕೆ 300, ಕರೆದುಕೊಂಡು ಬರುವ ಟಂಟಂ ಬಾಡಿಗೆ ಬೇರೆ. ಮೂರು ಸಲ ಕಳೆ ತೆಗೆಸುವಷ್ಟರಲ್ಲಿ ಹತ್ತಿಯ ಲಾಭ ಅರ್ಧ ಹೋಗಿತ್ತು.

ಈಗ ಅಪ್ಪ "ಊರು ಹೆಸರಿಲ್ಲದ ಬೀಜ ನನ್ನ ಹೊಲಕ್ಕೆ ಬೇಡ" ಅಂತ ಕೂತಿದ್ದಾರೆ. ಅವ್ವಂದು ಬೇರೆ ಚಿಂತೆ: ನಮ್ಮ ಎಮ್ಮೆಗೆ ಹತ್ತಿಕಾಳು ಹಾಕುತ್ತೇವೆ, ಈ ಕಾಳು ತಿಂದು ಎಮ್ಮೆಗೆ ಏನಾದರೂ ಆದರೆ? ಹಾಲು ಕುಡಿಯುವ ಮಕ್ಕಳಿಗೆ? ಬಿತ್ತುವ ಮಿರಗ (ಮೃಗಶಿರ) ಮಳೆ ಹತ್ತಿರ ಬಂತು. ತಿಳಿದವರು ಹೇಳಿ.

ಹುನಗುಂದ_ಕಾಕಾ:

ತಮ್ಮಾ, ಮೊದಲು ಬಿತ್ತೋದು ನಿಲ್ಲಿಸು. ಉಳಿದದ್ದು ಆಮೇಲೆ ಮಾತಾಡೋಣ.

ಹುಳ ತಡೆಯುವ ಜೀನು ಸೇರಿಸಿದ ಬಿಟಿ ಹತ್ತಿ ಅಂದರೆ ನಾನು ಮೂಗು ಮುರಿಯುವವನಲ್ಲ. 2002ಕ್ಕೆ ಮೊದಲು ಹತ್ತಿ ಬೆಳೆದವನಿಗೆ ಹಸಿರು ಕಾಯಿಕೊರಕ ಏನು ಅಂತ ಗೊತ್ತು. ಹನ್ನೆರಡು, ಹದಿನಾಲ್ಕು ಸಲ ಔಷಧ ಹೊಡೆದ ವರ್ಷ ಇದೆ. ಸಂಜೆ ಸ್ನಾನ ಮಾಡಿದರೂ ಕೈ ವಾಸನೆ ಹೋಗುತ್ತಿರಲಿಲ್ಲ, ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ಬಿಟಿ ಬಂದ ಮೇಲೆ ಆ ಹುಳ ಸತ್ತು ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಮನೆ ಮೇಲೆ ಒಂದು ಕೋಣೆ ಕಟ್ಟಿಸಿದ್ದು ಆ ನಾಲ್ಕು ವರ್ಷದ ಹತ್ತಿಯಿಂದಲೇ.

ಆಮೇಲೆ 2017ರ ಹಂಗಾಮು ಬಂತು. ನೀರಿದೆ, ಕಾಯಿ ಇನ್ನೂ ಬಿಡುತ್ತಿದೆ, ಯಾಕೆ ಕೀಳಬೇಕು ಅಂತ ಗಿಡವನ್ನು ಶಿವರಾತ್ರಿವರೆಗೂ ಬಿಟ್ಟೆ. ಹೊರಗಿನಿಂದ ನೋಡಿದರೆ ಕಾಯಿ ದುಂಡಗೆ, ಗಟ್ಟಿಯಾಗಿ ಚೆನ್ನಾಗೇ ಕಾಣುತ್ತಿತ್ತು. ಒಡೆದರೆ ಒಳಗೆ ಅರಳೆ ಹಳದಿಗಟ್ಟಿದೆ, ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿದರೆ ನಡುವೆ ಗುಲಾಬಿ ಬಣ್ಣದ ಹುಳ ಆರಾಮಾಗಿ ಮಲಗಿದೆ. ಒಂದಾದ ಮೇಲೆ ಒಂದು ಇಪ್ಪತ್ತು ಕಾಯಿ ಒಡೆದೆ ಬದುವಿನ ಮೇಲೆ ಕೂತು. ಹದಿಮೂರರಲ್ಲಿ ಹುಳ. ಮಾರುಕಟ್ಟೆಗೆ ಒಯ್ದರೆ ದಲಾಲಿ ಒಂದು ಹಿಡಿ ತೆಗೆದು ಹಿಂಜಿ ನೋಡಿದ, ಏನೂ ಮಾತಾಡದೆ ಬೇರೆ ಗುಡ್ಡೆಗೆ ಹಾಕಿಸಿದ. ಆ ಗುಡ್ಡೆಯ ರೇಟು ಕೇಳಬೇಡ.

ಈಗ ನನ್ನ ತಪ್ಪು ಹೇಳುತ್ತೇನೆ. ಆಗೆಲ್ಲ ಬಿಟಿ ಪೆಟ್ಟಿಗೆಯೊಳಗೆ 450 ಗ್ರಾಂ ಬೀಜದ ಜೊತೆ 120 ಗ್ರಾಂನ ಇನ್ನೊಂದು ಸಣ್ಣ ಪ್ಯಾಕೆಟ್ ಬರುತ್ತಿತ್ತು, ಬಿಟಿ ಅಲ್ಲದ ಬೀಜ. ಹೊಲದ ಸುತ್ತ ಅದನ್ನು ಬಿತ್ತಬೇಕು ಅಂತ ಬರೆದಿರುತ್ತಿತ್ತು. ನಾನು ಒಂದು ವರ್ಷವೂ ಬಿತ್ತಲಿಲ್ಲ. ಹುಳ ತಿನ್ನುವ ಗಿಡಕ್ಕೆ ಯಾರು ಜಾಗ ಕೊಡುತ್ತಾರೆ ಅಂತ ತಿಪ್ಪೆಗೆ ಎಸೆದೆ. ನಾನೊಬ್ಬನೇ ಅಲ್ಲ, ನಮ್ಮ ಊರಲ್ಲಿ ಬಿತ್ತಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಡೋಣಿ_ದಂಡೆ:

ಕಾಕಾ ತಿಪ್ಪೆಗೆ ಎಸೆದ ಆ ಸಣ್ಣ ಪ್ಯಾಕೆಟ್ಟಿನಲ್ಲೇ ಎಲ್ಲ ಇದೆ. ನಾನು ಧಾರವಾಡದಲ್ಲಿ ಬಿಎಸ್ಸಿ ಕೃಷಿ ಓದಿದವನು, ಈಗ ವಿಜಯಪುರದಲ್ಲಿ ಹೊಲ ನೋಡಿಕೊಂಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮೆ ಇರಲಿ.

ಬಿಟಿ ಅನ್ನೋದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಹೆಸರಿನ ಗಿಡ್ಡ ರೂಪ. ಅದರ ಜೀನನ್ನು ಹತ್ತಿಗೆ ಸೇರಿಸಿದರು. ಗಿಡವೇ ಹುಳಕ್ಕೆ ವಿಷವಾಗುವ ಪ್ರೋಟೀನ್ ತಯಾರಿಸುತ್ತದೆ. ಸಾವಿರಾರು ಹುಳಗಳಲ್ಲಿ ಒಂದೋ ಎರಡೋ ಅದನ್ನು ತಿಂದೂ ಬದುಕುತ್ತವೆ. ಅವು ದೊಡ್ಡದಾಗಿ ಪತಂಗ ಆದಾಗ ಜೋಡಿಯಾಗಲು ಪಕ್ಕದಲ್ಲಿ ಬಿಟಿ ತಿನ್ನದ ಸಾಮಾನ್ಯ ಪತಂಗ ಸಿಕ್ಕರೆ, ಮರಿಗಳು ಮತ್ತೆ ಬಿಟಿಗೆ ಸಾಯುವ ಮರಿಗಳೇ. ಸಿಗದಿದ್ದರೆ ಬದುಕಿದವು ಬದುಕಿದವುಗಳ ಜೊತೆಗೇ ಕೂಡುತ್ತವೆ, ಕೆಲವೇ ವರ್ಷದಲ್ಲಿ ಹೊಲದ ತುಂಬ ಗಟ್ಟಿ ಹುಳ. ಆ 120 ಗ್ರಾಂ ಇದ್ದದ್ದು ಸಾಮಾನ್ಯ ಪತಂಗ ಸಾಕೋಕೆ. ಕಾಕಾಗೆ ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ ಅನ್ನೋದು ನನ್ನ ಸಿಟ್ಟು. ಪೆಟ್ಟಿಗೆ ಮಾರಿದವರು ಒಳಗೊಂದು ಚೀಟಿ ಹಾಕಿ ಕೈ ತೊಳೆದುಕೊಂಡರು. ಈಗ ಎರಡೂ ಬೀಜ ಒಂದೇ ಪ್ಯಾಕೆಟ್ಟಿನಲ್ಲಿ ಬೆರೆಸಿ 475 ಗ್ರಾಂ ಕೊಡುತ್ತಾರೆ, ರೈತನಿಗೆ ಎಸೆಯಲು ಆಗದ ಹಾಗೆ. ಆದರೆ ತಡವಾಯಿತು.

ಹಸಿರು ಹುಳ ಯಾಕೆ ಅಷ್ಟು ಬೇಗ ತಿರುಗಿ ಬರಲಿಲ್ಲ ಅಂದ್ರೆ ಅದು ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಟೊಮೇಟೊ ತಿನ್ನುತ್ತದೆ. ಸಾಮಾನ್ಯ ಪತಂಗ ಸುತ್ತಮುತ್ತ ಯಾವಾಗಲೂ ಇರುತ್ತದೆ. ಗುಲಾಬಿ ಹುಳಕ್ಕೆ ಹತ್ತಿ ಬಿಟ್ಟರೆ ಗತಿ ಇಲ್ಲ. 2009ರಲ್ಲೇ ಗುಜರಾತಿನ ಹೊಲಗಳಲ್ಲಿ ಅದು ಮೊದಲ ಬಿಟಿಯನ್ನು ತಿಂದು ಜೀರ್ಣಿಸಿಕೊಂಡಿತ್ತು, 2010ರಲ್ಲಿ ಮಾನ್ಸಾಂಟೊ ಕಂಪನಿ ತಾನೇ ಒಪ್ಪಿಕೊಂಡಿತು. ಎರಡು ಜೀನಿನ ಬಿಟಿ ಬೀಜ ಬೋಲ್‌ಗಾರ್ಡ್ 2 ಬಂದದ್ದು 2006ರಲ್ಲಿ, ಹತ್ತು ವರ್ಷ ತುಂಬುವುದರೊಳಗೆ ಅದೂ ಸೋತಿತು.

ಇನ್ನೊಂದು ನಮ್ಮ ದೇಶದ್ದೇ ಎಡವಟ್ಟು. ಬೇರೆ ಕಡೆ ಬಿಟಿಯನ್ನು ಬೀಜ ಉಳಿಸಿ ಮತ್ತೆ ಬಿತ್ತಬಹುದಾದ ತಳಿಯಲ್ಲಿ ಹಾಕಿದರೆ ಇಲ್ಲಿ ಹೈಬ್ರಿಡ್‌ನಲ್ಲಿ ಹಾಕಿದರು, ರೈತ ವರ್ಷಾ ಬೀಜ ಕೊಳ್ಳಲಿ ಅಂತ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳಲ್ಲಿ ಕೆಲವಕ್ಕೆ ಬಿಟಿ ಇರುತ್ತದೆ, ಕೆಲವಕ್ಕೆ ಇರಲ್ಲ. ಗುಲಾಬಿ ಹುಳ ತಿನ್ನೋದು ಅದೇ ಬೀಜವನ್ನು. ಒಂದು ಕಾಯಿಯೊಳಗೇ ಸ್ವಲ್ಪ ವಿಷ, ಸ್ವಲ್ಪ ಊಟ. ಹುಳಕ್ಕೆ ತಾಲೀಮು ಕೊಟ್ಟ ಹಾಗೆ. ಜೊತೆಗೆ ಆರು ತಿಂಗಳು ದಾಟಿದರೂ ನಿಲ್ಲುವ ಬೆಳೆ. ಅಮೆರಿಕದಲ್ಲಿ ಇದೇ ಬಿಟಿ ಹತ್ತಿ, ಜೊತೆಗೆ ಸಂತಾನವಿಲ್ಲದ ಪತಂಗ ಬಿಟ್ಟು, ಗಿಡ ಹೊತ್ತಿಗೆ ಸರಿಯಾಗಿ ಕಿತ್ತು, 2018ರಲ್ಲಿ ಗುಲಾಬಿ ಹುಳ ಪೂರ್ತಿ ಹೋಯಿತು ಅಂತ ಘೋಷಣೆ ಮಾಡಿದರು. ಅದೇ ಜೀನು, ಅದೇ ಹುಳ.

ಈಗ ನಿಮ್ಮ ಬೀಜದ ವಿಷಯ. ಕಳೆನಾಶಕ ತಡೆಯುವ ಹತ್ತಿಗೆ ನಮ್ಮ ದೇಶದಲ್ಲಿ ಇವತ್ತಿಗೂ ಅನುಮತಿ ಇಲ್ಲ. ಅರ್ಜಿ ಹಾಕಿದ್ದ ಕಂಪನಿ 2016ರಲ್ಲಿ ಅದನ್ನು ವಾಪಸ್ ತಗೊಂಡಿತು. ಹಾಗಿದ್ದೂ ಬೀಜ ಮಾತ್ರ ಓಡಾಡುತ್ತಿದೆ. ಯಾರು ಬೆಳೆಸಿದರು, ಯಾವ ತಾಯಿ ತಂದೆ, ಒಳಗೆ ಗುಲಾಬಿ ಹುಳ ತಡೆಯುವ ಜೀನು ಇದೆಯಾ ಇಲ್ಲವಾ, ಯಾರಿಗೂ ಗೊತ್ತಿಲ್ಲ. ಕಣ್ಣಿಂದ ನೋಡಿ ಹೇಳೋಕೆ ಆಗಲ್ಲ. ಪ್ಯಾಕೆಟ್ಟಿನಲ್ಲಿ ಅರ್ಧ ಬೆರಕೆ ಇದ್ದರೆ ಏನಾಗುತ್ತದೆ ಯೋಚನೆ ಮಾಡಿ: ನೀವು ನಂಬಿಕೊಂಡು ಮೊಳಕಾಲೆತ್ತರದ ಬೆಳೆ ಮೇಲೆ ಗ್ಲೈಫೋಸೇಟ್ ಅನ್ನೋ ಆ ಕಳೆನಾಶಕ ಹೊಡೆಯುತ್ತೀರಿ, ವಾರದಲ್ಲಿ ಕಸದ ಜೊತೆ ಅರ್ಧ ಹತ್ತಿಯೂ ಒಣಗಿ ನಿಂತಿರುತ್ತದೆ. ಯಾರ ಹತ್ತಿರ ಹೋಗುತ್ತೀರಿ? ಅಂಗಡಿ ಬೀಜ ಕೈಕೊಟ್ಟರೆ ಬಿಲ್ ಹಿಡಿದು ಕೃಷಿ ಇಲಾಖೆಗೆ ಹೋಗಬಹುದು, ಗ್ರಾಹಕರ ಆಯೋಗಕ್ಕೆ ಹೋಗಬಹುದು. 2025ರಲ್ಲಿ ಬೋಲ್‌ಗಾರ್ಡ್ 2 ಪ್ಯಾಕೆಟ್ಟಿಗೆ ಸರ್ಕಾರ ಕಟ್ಟಿದ ದರ 901 ರೂಪಾಯಿ. ನೀವು ಅದಕ್ಕಿಂತ ಜಾಸ್ತಿ ಕೊಟ್ಟು ದೂರು ಕೊಡುವ ಹಕ್ಕನ್ನೂ ಕಳೆದುಕೊಂಡಿದ್ದೀರಿ.

ಸಿಂದಗಿ_ಹತ್ತಿ:

ಡೋಣಿ ಸಾಹೇಬರು ಚೆನ್ನಾಗಿ ಹೇಳಿದರು, ಆದರೆ ಕಸ ಯಾರು ತೆಗೆಯಬೇಕು ಅಂತ ಹೇಳಲಿಲ್ಲ.

ಬಿಟಿ ಹತ್ತಿ ಕೂಡ ಕಳ್ಳದಾರಿಯಲ್ಲೇ ಬಂದದ್ದು ಅಲ್ವಾ? 2001ರಲ್ಲಿ ಗುಜರಾತಿನಲ್ಲಿ ಸಾವಿರಾರು ಎಕರೆ ಅನುಮತಿ ಇಲ್ಲದ ಬಿಟಿ ಹತ್ತಿ ಸಿಕ್ಕಿತು. ಸುಟ್ಟುಬಿಡಿ ಅಂದರು, ರೈತರು ಬಿಡಲಿಲ್ಲ, 2002ರ ಮಾರ್ಚ್‌ನಲ್ಲಿ ಸರ್ಕಾರವೇ ಅನುಮತಿ ಕೊಟ್ಟಿತು. 2019ರಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ರೈತರು ಈ ಕಳೆನಾಶಕದ ಹತ್ತಿಯನ್ನೇ ಎಲ್ಲರ ಎದುರಿಗೆ ಬಿತ್ತಿದರು, ಹಿಡಿಯಿರಿ ನೋಡೋಣ ಅಂತ. ಅವರೇನು ಹುಚ್ಚರಾ? ನನ್ನ ಹೊಲದಲ್ಲಿ ಕರಿಕೆ ಮತ್ತು ಜೇಕು ಎರಡೂ ಇವೆ. ಕಿತ್ತರೆ ವಾರಕ್ಕೆ ಮತ್ತೆ ಬರುತ್ತದೆ. ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ, ನನ್ನ ಹೆಂಡತಿಗೆ ಸೊಂಟ ನೋವು. ಪರಿಸರದ ಮಾತು ಆಡುವವರು ಒಂದು ದಿನ ಬಂದು ಬಗ್ಗಿ ಕಸ ಕಿತ್ತು ಹೋಗಲಿ.

ನನ್ನ ಪ್ರಕಾರ ಸರ್ಕಾರ ಪರೀಕ್ಷೆ ಮಾಡಿ ಬೇಗ ಬಿಡಬೇಕು, ಇಲ್ಲಾ ಬೇಡ ಅಂತ ಗಟ್ಟಿಯಾಗಿ ಹೇಳಿ ಕಳ್ಳಬೀಜ ಹಿಡಿಯಬೇಕು. ಎರಡೂ ಮಾಡದೆ ಕೂತರೆ ಬೆಳ್ಳಿ ಕವರೇ ಬರುತ್ತದೆ ಹಳ್ಳಿಗೆ. ಹಾಂ, ಬಿಲ್ಲಿಲ್ಲದ ಬೀಜ ಬಿತ್ತು ಅಂತ ನಾನೂ ಹೇಳಲ್ಲ. ನಾನು ಹೋದ ವರ್ಷ ಎರಡು ಪ್ಯಾಕೆಟ್ ಹಾಕಿ ನೋಡಿದೆ. ಕಸ ಸತ್ತಿತು, ಹತ್ತಿ ಉಳಿಯಿತು, ಅದು ನಿಜ. ಕಾಯಿ ಮಾತ್ರ ಗಿಡಕ್ಕೆ ಹತ್ತು ಹನ್ನೆರಡು, ಅದೂ ನಿಜ.

ರೊಟ್ಟಿ_ಪಲ್ಯ:

ಸಿಂದಗಿ ಅಣ್ಣಾ, ಬಗ್ಗಿ ಕಸ ಕೀಳುವವರು ನಾವೇ ರೀ, ಅದಕ್ಕೇ ಮಾತಾಡುತ್ತಿದ್ದೇನೆ. ನಮ್ಮದು ರಾಯಬಾಗ ತಾಲ್ಲೂಕು, ಕುಡಚಿ ಹತ್ತಿರ.

ನೀವೆಲ್ಲ ಕಸ ಅನ್ನೋದರಲ್ಲಿ ಅರ್ಧ ನಮ್ಮ ಮನೆಯ ಪಲ್ಯ. ಹಕ್ಕರಿಕೆ, ಕಿರಕಸಾಲಿ, ರಾಜಗಿರಿ. ಸಂಜೆ ಹೊಲದಿಂದ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತೇವೆ, ಅವತ್ತಿನ ರೊಟ್ಟಿಗೆ ಅದೇ. ಹೊಲಕ್ಕೆಲ್ಲ ಆ ಔಷಧ ಹೊಡೆದ ಮೇಲೆ ಯಾವುದನ್ನು ಕಿತ್ತು ತರೋದು? ಹತ್ತಿ ಸಾಲಿನ ನಡುವೆ ಹಾಕುವ ಮೆಣಸಿನಕಾಯಿ, ಉಳ್ಳಾಗಡ್ಡಿ, ತೊಗರಿ ಸಾಲು ಏನಾಗುತ್ತವೆ? ಹತ್ತಿ ಒಂದಕ್ಕೆ ಮಾತ್ರ ಔಷಧ ತಡೆಯುವ ಶಕ್ತಿ ಕೊಟ್ಟಿದ್ದಾರೆ, ಉಳ್ಳಾಗಡ್ಡಿಗೆ ಕೊಟ್ಟಿಲ್ಲ. ಗಾಳಿ ಬೀಸಿದರೆ ಪಕ್ಕದ ಹೊಲದ ಬೆಳೆಯೂ ಹೋಗುತ್ತದೆ, ಆಮೇಲೆ ಬದುವಿನ ಜಗಳ ಯಾರು ಬಗೆಹರಿಸಬೇಕು.

ಇನ್ನೊಂದು ಮಾತು, ಇದು ನಮ್ಮ ಕಡೆಯ ಬಹಳ ಜನರಿಗೆ ಗೊತ್ತೇ ಇಲ್ಲ. ಬಿಟಿ ಬದನೆ ಗಲಾಟೆ ಆಯಿತಲ್ಲ, 2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟು, ಆಗಿನ ಕೇಂದ್ರ ಪರಿಸರ ಮಂತ್ರಿ ಜೈರಾಮ್ ರಮೇಶ್ ಅವರು ಊರೂರು ಸಭೆ ಮಾಡಿ 2010ರ ಫೆಬ್ರವರಿ 9ಕ್ಕೆ ತಡೆ ಹಾಕಿದರು. ಆ ಬಿಟಿ ಜೀನು ಹಾಕಿದ ಬದನೆಗಳು ಎಲ್ಲಿಯವು ಗೊತ್ತಾ? ಅದರಲ್ಲಿ ಕುಡಚಿ ಬದನೆ ಇತ್ತು, ರಬಕವಿ ಬದನೆ ಇತ್ತು, ಉಡುಪಿಯ ಗುಳ್ಳ ಇತ್ತು. ನಮ್ಮ ಅಜ್ಜಿ ಅಟ್ಟದ ಮೇಲೆ ಬೂದಿ ಹಚ್ಚಿ ಬೀಜ ಇಡುತ್ತಿದ್ದ ಬದನೆ ರೀ ಅದು. ಎಣ್ಣೆಗಾಯಿಗೆ ಬೇರೆ ಬದನೆ ಹಾಕಿದರೆ ನಮ್ಮ ಮನೆಯಲ್ಲಿ ಗಂಡಸರು ತಟ್ಟೆ ನೋಡಿ ಗುರುತು ಹಿಡಿಯುತ್ತಾರೆ. ಸ್ಥಳೀಯ ತಳಿ ಬಳಸಲು ಜೀವವೈವಿಧ್ಯ ಕಾಯ್ದೆ ಪ್ರಕಾರ ಪಡೆಯಬೇಕಾದ ಒಪ್ಪಿಗೆ ಪಡೆದಿಲ್ಲ ಅಂತ ದೂರು ಹೋಯಿತು, 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೂ ಮುಂದಾಯಿತು. ಬದನೆ ಹುಳ ನಮಗೂ ಸಾಕಾಗಿದೆ, ಮಾರುಕಟ್ಟೆಗೆ ಒಯ್ಯುವ ಬದನೆಗೆ ವಾರಕ್ಕೆ ಎರಡು ಸಲ ಔಷಧ ಹೊಡೆಯುವವರನ್ನು ನೋಡಿದ್ದೇನೆ, ಅದು ತಿನ್ನೋಕೆ ಯೋಗ್ಯ ಅಂತ ನಾನು ಹೇಳಲ್ಲ. ಬಾಂಗ್ಲಾದೇಶದಲ್ಲಿ 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ, ಔಷಧ ಕಡಿಮೆ ಆಯಿತು ಅಂತಾರೆ. ಇರಬಹುದು. ಆದರೆ ನಮ್ಮ ಬೀಜ ಒಯ್ಯುವಾಗ ನಮ್ಮನ್ನು ಒಂದು ಮಾತು ಕೇಳಬೇಕಿತ್ತು. ಒಮ್ಮೆ ಹಿತ್ತಿಲಿನ ಬದನೆಗೆ ಪಕ್ಕದ ಹೊಲದ ಪರಾಗ ಜೇನುನೊಣ ತಂದು ಕೂಡಿಸಿತು ಅಂದರೆ ಅಜ್ಜಿಯ ಬೀಜ ಅಲ್ಲಿಗೆ ಮುಗೀತು.

ಡೋಣಿ_ದಂಡೆ:

ಅಕ್ಕಾ, ಬದನೆ ವಿಷಯ ಸರಿಯಾಗಿ ಹೇಳಿದಿರಿ, ಆ ಜೀನು ಸೇರಿಸಿದ್ದು ನಾನು ಓದಿದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೇ. ಹತ್ತಿಯಲ್ಲಿ ಅಷ್ಟು ಭಯ ಇಲ್ಲ. ನಮ್ಮ ದೇಸಿ ಜಯಧರ ಹತ್ತಿಯ ವರ್ಣತಂತು 26, ಈ ಅಮೆರಿಕನ್ ಹತ್ತಿಯದು 52, ತಾವಾಗೇ ಕೂಡಿ ಬೀಜ ಕಟ್ಟಲ್ಲ. ಬದನೆಗೆ ನಮ್ಮ ದೇಶವೇ ತವರು, ಅದರ ಕಾಡು ಸಂಬಂಧಿಗಳೂ ಇಲ್ಲೇ ಇವೆ, ಅಲ್ಲಿ ಜಾಸ್ತಿ ಎಚ್ಚರ ಬೇಕು.

ಸಿಂದಗಿ ಅಣ್ಣಾ, ಕೂಲಿ ಕಷ್ಟ ನನಗೂ ಇದೆ, ತಮಾಷೆ ಅಲ್ಲ. ಆದರೆ ಒಂದೇ ಔಷಧವನ್ನು ವರ್ಷಾನುಗಟ್ಟಲೆ ಹೊಡೆದರೆ ಹುಳದ ಕಥೆಯೇ ಕಸಕ್ಕೂ. ಅಮೆರಿಕದಲ್ಲಿ ಗ್ಲೈಫೋಸೇಟ್ ತಡೆಯುವ ಸೋಯಾ 1996ರಲ್ಲಿ ಬಂತು. ಈಗ ಅಲ್ಲಿ ನಮ್ಮ ರಾಜಗಿರಿಯ ದೂರದ ತಂಗಿಯಂಥ ಒಂದು ಕಳೆ ಆ ಔಷಧಕ್ಕೆ ಸಾಯುತ್ತಲೇ ಇಲ್ಲ, ಆಳೆತ್ತರ ಬೆಳೆಯುತ್ತದೆ, ಮತ್ತೆ ಕೂಲಿ ಹಚ್ಚಿ ಕಡಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಪಟ್ಟಿಗೆ ಸೇರಿಸಿತು. ಯುರೋಪಿನವರು 2023ರಲ್ಲಿ ಮತ್ತೆ ಹತ್ತು ವರ್ಷ ಬಳಸಲು ಒಪ್ಪಿದರು. ಹೀಗೆ ಜಗ್ಗಾಟ ನಡೆದೇ ಇದೆ. ಕೈಗವಸಿಲ್ಲದೆ, ಬಾಯಿಗೆ ಬಟ್ಟೆ ಇಲ್ಲದೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಡೆಯುವವರು ನಾವು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವ್ವನ ಪ್ರಶ್ನೆಗೆ: ಬಿಟಿ ಪ್ರೋಟೀನ್ ಕೆಲಸ ಮಾಡೋದು ಹುಳದ ಹೊಟ್ಟೆಯಲ್ಲಿ, ಅಲ್ಲಿ ಅದು ಹಿಡಿದುಕೊಳ್ಳಲು ಜಾಗ ಇರುತ್ತದೆ. ನಮ್ಮ ಹೊಟ್ಟೆಯಲ್ಲಿ, ಎಮ್ಮೆ ಹೊಟ್ಟೆಯಲ್ಲಿ ಆ ಜಾಗ ಇಲ್ಲ, ಬೇರೆ ಪ್ರೋಟೀನಿನ ಹಾಗೆ ಜೀರ್ಣ ಆಗುತ್ತದೆ. ಇಪ್ಪತ್ತು ವರ್ಷದಿಂದ ನಮ್ಮ ಎಮ್ಮೆಗಳು ತಿನ್ನುತ್ತಿರುವ ಹತ್ತಿಕಾಳು ಹೆಚ್ಚು ಕಡಿಮೆ ಎಲ್ಲಾ ಬಿಟಿಯೇ. 2006ರಲ್ಲಿ ವಾರಂಗಲ್ ಕಡೆ ಹತ್ತಿ ಹೊಲ ಮೇಯ್ದ ಕುರಿ ಸತ್ತವು ಅಂತ ಸುದ್ದಿ ಆಯಿತು, ಬಿಟಿಯಿಂದ ಅಂತ ಸಾಬೀತಾಗಲಿಲ್ಲ. ನನ್ನನ್ನು ಕೇಳಿದರೆ ಹೊಲಕ್ಕೆ ಹೊಡೆದ ಔಷಧದ ಮೇಲೇ ಜಾಸ್ತಿ ಅನುಮಾನ. ಆದರೆ ಕಳ್ಳಬೀಜದ ಹತ್ತಿಕಾಳಿಗೆ ಈ ಮಾತು ಪೂರ್ತಿ ಹೊಂದಲ್ಲ, ಯಾಕಂದ್ರೆ ಅದರಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿದವರೇ ಇಲ್ಲ.

ಹುನಗುಂದ_ಕಾಕಾ:

ಓದಿದವರು ಬಹಳ ಹೇಳಿದರು. ತಮ್ಮಾ, ನೀನು ಒಂದು ಕೆಲಸ ಮಾಡು. ಐವತ್ತು ಬೀಜ ಎಣಿಸಿ ಒದ್ದೆ ಗೋಣಿ ತಟ್ಟಿನಲ್ಲಿ ಸುತ್ತಿ ಇಡು, ಐದಾರು ದಿನಕ್ಕೆ ತೆಗೆದು ನೋಡು. ಹಿಂದೆ ನಾವು ಜೋಳಕ್ಕೂ ಹಾಗೇ ಮಾಡುತ್ತಿದ್ದೆವು. ಜೀನು ಗೀನು ಆಮೇಲೆ, ಮೊದಲು ಹುಟ್ಟುತ್ತದೋ ಇಲ್ಲವೋ ನೋಡು. ಮುಟ್ಟಿದ ಕೈ ತೊಳೆದುಕೋ.

ಎರೆಹೊಲ_ಸವದತ್ತಿ:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಕಾರಹುಣ್ಣಿಮೆ ಗದ್ದಲ.

ಕಾಕಾ ಹೇಳಿದ ಹಾಗೆ ಐವತ್ತು ಬೀಜ ಇಟ್ಟೆ. ಆರನೇ ದಿನ ಬಿಚ್ಚಿದಾಗ ಅಪ್ಪನೂ ಪಕ್ಕದಲ್ಲೇ ಕೂತಿದ್ದರು. ಮೊಳಕೆ ಬಂದದ್ದು 21. ಉಳಿದವು ಕೆಲವು ಮೆತ್ತಗಾಗಿ ಕೊಳೆತಿದ್ದವು, ಕೆಲವು ಹಾಕಿದ ಹಾಗೇ ಇದ್ದವು. ಅಪ್ಪ ಎರಡು ಸಲ ಎಣಿಸಿದರು, ಮಾತಾಡಲಿಲ್ಲ, ಎದ್ದು ಹೋಗಿ ಎತ್ತಿಗೆ ನೀರು ಕುಡಿಸಿದರು. ಅದು ಬೈದದ್ದಕ್ಕಿಂತ ಜಾಸ್ತಿ ಅನಿಸಿತು.

ಅಂಗಡಿಯಿಂದ ಬಿಲ್ ಸಮೇತ ಬೇರೆ ಬೀಜ ತಂದೆವು. ಜಲ್ದಿ ಮುಗಿಯುವ ತಳಿ ಕೇಳಿ ತಂದಿದ್ದೇನೆ, ಡಿಸೆಂಬರ್ ಕೊನೆಗೆ ಗಿಡ ಕಿತ್ತುಬಿಡುತ್ತೇನೆ, ಆಮೇಲೆ ಕಡಲೆ ಮಾಡಲು ಆಗದಿದ್ದರೂ ಗಿಡ ಮಾತ್ರ ಹೊಲದಲ್ಲಿ ನಿಲ್ಲಿಸಲ್ಲ. ಒಂದು ಎಕರೆಗೆ ಮಾತ್ರ ಹತ್ತಿ, ನಡುವೆ ಉಳ್ಳಾಗಡ್ಡಿ. ಕಸಕ್ಕೆ ಏನು ಮಾಡೋದು ಅಂತ ಇನ್ನೂ ಗೊತ್ತಿಲ್ಲ, ಸಿಂದಗಿ ಅಣ್ಣನ ಮಾತು ತಲೆಯಲ್ಲೇ ಇದೆ. ಬಾಡಿಗೆಗೆ ಪವರ್ ವೀಡರ್ ಸಿಗುತ್ತದಂತೆ, ವಿಚಾರಿಸಬೇಕು.

ಒಂದು ಕೇಳೋದಿದೆ. ಉಳಿದ ಬೀಜ ಎಮ್ಮೆಗೆ ಹಾಕಲಾ ಅಂತ ಅವ್ವ ಕೇಳುತ್ತಿದ್ದಾರೆ, 5,200 ರೂಪಾಯಿ ಸುಮ್ನೆ ಹೋಯಿತು ಅಂತ ಅವರಿಗೆ ಸಂಕಟ.

ಹುನಗುಂದ_ಕಾಕಾ:

ಹಾಕಬೇಡ! ಬೀಜದ ಮೇಲೆ ಕೆಂಪೋ ನೀಲಿಯೋ ಬಣ್ಣ ಇದೆಯಲ್ಲ, ಅದು ಔಷಧ ಲೇಪಿಸಿದ ಗುರುತು. ಎಮ್ಮೆಗೂ ಬೇಡ, ಕೋಳಿಗೂ ಬೇಡ. ನನ್ನ ಹಾಗೆ ತಿಪ್ಪೆಗೂ ಎಸೆಯಬೇಡ, ಮುಂದಿನ ವರ್ಷ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಹುಟ್ಟುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಕೊಟ್ಟು ಬಾ.

ಎರೆಹೊಲ_ಸವದತ್ತಿ:

ಒಯ್ದರೆ ಎಲ್ಲಿಂದ ತಂದೆ ಅಂತ ಕೇಳುತ್ತಾರಲ್ಲ ಕಾಕಾ. ಸದ್ಯ ಡಬ್ಬಿಯಲ್ಲಿ ಹಾಕಿ ಮಾಳಿಗೆ ಮೇಲೆ ಇಟ್ಟಿದ್ದೇನೆ, ಮಕ್ಕಳ ಕೈಗೆ ಸಿಗದ ಹಾಗೆ. ಮಾವನ ಮಗ ಫೋನ್ ಎತ್ತುತ್ತಿಲ್ಲ.